ಐದು ಗುಂಡಿಯ ಅಂಗಿ

ನಾನು ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ಟೀಚರ್. ಹೋದ ನವೆಂಬರ್‌ನ ಒಂದು ಬೆಳಿಗ್ಗೆ ನಮ್ಮ ಶಾಲೆಯ ಹುಡುಗನೊಬ್ಬ ತನ್ನ ಅಂಗಿಯ ಐದೂ ಗುಂಡಿಗಳನ್ನು ತಾನೇ ಹಾಕಿಕೊಂಡ. ಯಾರೂ ಕೈ ಹಚ್ಚಲಿಲ್ಲ. ಅವನಿಗೆ ಹನ್ನೆರಡು ವರ್ಷ, ಡೌನ್ ಸಿಂಡ್ರೋಮ್ ಇದೆ. ಬೆರಳು ಗಿಡ್ಡ, ಹಿಡಿತ ಸಡಿಲ. ಈ ಗುಂಡಿಯ ಕೆಲಸ ಶುರು ಮಾಡಿ ಆಗಲೇ ಒಂದು ವರ್ಷ ಎಂಟು ತಿಂಗಳಾಗಿತ್ತು. ಮೊದಲು ಮೇಜಿನ ಮೇಲೆ ಹಾಸಿದ ದಪ್ಪ ಬಟ್ಟೆ, ಅದಕ್ಕೆ ಹೊಲಿದ ದೊಡ್ಡ ಗುಂಡಿ. ಆಮೇಲೆ ಅಂಥದೇ ಒಂದು ಗುಂಡಿ ಅವನ ಅಂಗಿಯ ಕೆಳತುದಿಗೆ. ತಲೆ ಬಗ್ಗಿಸಿದರೆ ಅವನ ಕಣ್ಣಿಗೆ ಚೆನ್ನಾಗಿ ಕಾಣುವುದು ಅದೊಂದೇ. ಇಂಥ ಕೆಲಸವನ್ನು ನಾವು ಹಿಂದಿನಿಂದ ಮುಂದಕ್ಕೆ ಕಲಿಸುತ್ತೇವೆ. ಗುಂಡಿಯನ್ನು ಕಾಜಾದೊಳಗೆ ಮುಕ್ಕಾಲು ಪಾಲು ನಾವೇ ತೂರಿಸಿ, ಕೊನೆಯ ಒಂದು ಎಳೆತವನ್ನು ಮಾತ್ರ ಮಗುವಿಗೆ ಬಿಡುತ್ತೇವೆ. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದೇ ಆಗುತ್ತದೆ.

ಐದನೆಯ ಗುಂಡಿ ಹಾಕಿ ಅವನು ತಲೆ ಎತ್ತಿ ನನ್ನನ್ನು ನೋಡಿದ. "ಶಾಬಾಷ್" ಅಂದೆ. ಬೆನ್ನು ತಟ್ಟಿದೆ. ದಾಖಲೆ ಪುಸ್ತಕದಲ್ಲಿ ಆ ಸಾಲಿನ ಮುಂದಿದ್ದ, ಇನ್ನೂ ಮಾಡಿಲ್ಲ ಅನ್ನುವ 'ಬಿ' ಹೊಡೆದು, ಮಾಡಿದ ಅನ್ನುವ 'ಎ' ಬರೆದೆ. ಆಮೇಲೆ ಪಕ್ಕದ ಹುಡುಗಿಯನ್ನು ಶೌಚಕ್ಕೆ ಕರೆದುಕೊಂಡು ಹೋದೆ. ಅಷ್ಟೇ.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಗಿಣಿಗೇರಿ ಹತ್ತಿರ ಕಾರ್ಖಾನೆಗಳ ದೀಪ ಕಾಣತೊಡಗಿದಾಗ ಇದ್ದಕ್ಕಿದ್ದ ಹಾಗೆ ನೆನಪಾಯಿತು: ಇವತ್ತು ಅವನು ಗುಂಡಿ ಹಾಕಿಕೊಂಡ. ನನಗೆ ಏನೂ ಅನ್ನಿಸಲಿಲ್ಲ. ಈ ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಹುಡುಗಿ ಚಮಚವನ್ನು ಚೆಲ್ಲದೆ ಬಾಯಿಗೆ ಇಟ್ಟುಕೊಂಡಾಗ ನಾನು ಅತ್ತಿದ್ದೆ. ಅವ್ವನಿಗೆ ಫೋನ್ ಮಾಡಿದ್ದೆ. ಶಾಲೆಯವರಿಗೆಲ್ಲ ಒಗ್ಗರಣಿ ಮಿರ್ಚಿ ತರಿಸಿದ್ದೆ. ಹನ್ನೊಂದು ವರ್ಷದ ಮೇಲೆ, ಒಂದು ವರ್ಷ ಎಂಟು ತಿಂಗಳು ಕಾದು ಬಂದ ಒಂದು 'ಎ' ನನ್ನೊಳಗೆ ಏನನ್ನೂ ಅಲುಗಾಡಿಸದೆ ಹೋಯಿತು. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೈ ಹಣ್ಣಾಗುವುದು ಬೇರೆ

ನಮ್ಮ ಕಡೆ ದಣಿವಿಗೆ ಮಾತುಗಳು ಬಹಳ ಇವೆ. ದಿನವೆಲ್ಲ ಕಳೆ ತೆಗೆದು ಬಂದವರು "ಮೈ ಹಣ್ಣಾಗೈತಿ" ಅನ್ನುತ್ತಾರೆ. ಮನೆಯ ಕಿರಿಕಿರಿಗೆ "ಬ್ಯಾಸರ ಆಗೈತಿ" ಅನ್ನುತ್ತಾರೆ. ನಮ್ಮವ್ವ ಮೂವತ್ತು ವರ್ಷ ಸಂಸಾರ ಮಾಡಿ ಒಂದೇ ಒಂದು ಸಲ "ಜೀವಾನ ಬ್ಯಾಸತ್ತೈತಿ ನೋಡು" ಅಂದದ್ದು ಕೇಳಿದ್ದೇನೆ. ಮೈ ಹಣ್ಣಾದದ್ದು ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಬ್ಯಾಸರ ನಾಲ್ಕು ದಿನ ತವರಿಗೆ ಹೋಗಿ ಬಂದರೆ ಹೋಗುತ್ತದೆ. ನಾನು ಎರಡನ್ನೂ ಮಾಡಿ ನೋಡಿದೆ. ದಸರಾ ರಜೆಯಲ್ಲಿ ಮಧ್ಯಾಹ್ನವೂ ಮಲಗಿದೆ. ರಜೆ ಮುಗಿದು ಶಾಲೆಯ ಗೇಟು ಕಂಡ ಕೂಡಲೇ ಹೊಟ್ಟೆಯಲ್ಲಿ ಅದೇ ಕಲ್ಲು. ಮಕ್ಕಳು ಓಡಿ ಬಂದು ಕೈ ಹಿಡಿದರು. ನನ್ನ ಕೈ ಅವರ ಕೈಯಲ್ಲಿತ್ತು, ನಾನು ಅಲ್ಲಿರಲಿಲ್ಲ.

ಇದಕ್ಕೆ ಬರ್ನ್‌ಔಟ್ ಅನ್ನುವ ಹೆಸರಿದೆ ಅಂತ ಡಿಪ್ಲೊಮಾ ಓದುವಾಗ ಎಲ್ಲೋ ಒಂದು ಪುಟದಲ್ಲಿ ನೋಡಿದ್ದೆ. ಆಗ ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ, ಅಷ್ಟೇ. ಗುಂಡಿಯ ದಿನದ ರಾತ್ರಿ ಕೂತು ಮತ್ತೆ ಓದಿದೆ. ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅನ್ನುವ ಮನೋವಿಜ್ಞಾನಿ 1974ರಲ್ಲಿ ಇದರ ಬಗ್ಗೆ ಬರೆದರು. ನ್ಯೂಯಾರ್ಕ್‌ನ ಒಂದು ಉಚಿತ ಚಿಕಿತ್ಸಾಲಯದಲ್ಲಿ, ತಮ್ಮ ಹಗಲಿನ ಕೆಲಸ ಮುಗಿಸಿ ಬಂದು ದುಡಿಯುತ್ತಿದ್ದವರು ಅವರು. ತಮ್ಮಲ್ಲಿ, ತಮ್ಮ ಜೊತೆ ಸ್ವಂತ ಇಚ್ಛೆಯಿಂದ ದುಡಿಯುತ್ತಿದ್ದವರಲ್ಲಿ ಕಂಡದ್ದನ್ನೇ ಬರೆದರು. ಬಹಳ ಆಸೆಯಿಂದ ಬಂದವರೇ ಬೇಗ ಬರಿದಾಗುತ್ತಾರೆ ಅನ್ನುವುದನ್ನು ಅವರು ಗಮನಿಸಿದ್ದರು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ 1981ರಲ್ಲಿ ಇನ್ನೊಬ್ಬರ ಜೊತೆ ಸೇರಿ ಇದನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಅದರಲ್ಲಿ ಮೂರು ಭಾಗ. ಒಳಗಿನ ಶಕ್ತಿ ಬತ್ತುವುದು ಒಂದು. ಯಾರಿಗಾಗಿ ದುಡಿಯುತ್ತೇವೋ ಅವರಿಂದ ಮನಸ್ಸು ದೂರ ಸರಿದು ಗಡುಸಾಗುವುದು ಎರಡನೆಯದು. ನಾನು ಮಾಡಿದ್ದರಿಂದ ಏನೂ ಆಗಲಿಲ್ಲ ಅನ್ನಿಸುವುದು ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಪಟ್ಟಿಯ ಹೊಸ ಆವೃತ್ತಿಯಲ್ಲಿ ಇದನ್ನು ಸೇರಿಸುವಾಗ ಒಂದು ಮಾತು ಸ್ಪಷ್ಟವಾಗಿ ಹೇಳಿತು. ಇದು ರೋಗವಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ. ಈ ಸಾಲನ್ನು ನಾನು ಎರಡು ಸಲ ಓದಿದೆ. ಅಲ್ಲಿಯವರೆಗೆ ನಾನು ನನ್ನ ಮನಸ್ಸಿನಲ್ಲೇ ತಪ್ಪು ಹುಡುಕುತ್ತಿದ್ದೆ. ನನಗೆ ಪ್ರೀತಿ ಕಡಿಮೆಯಾಯಿತಾ, ನಾನು ಕೆಟ್ಟವಳಾದೆನಾ ಅಂತ. ಕೆಲಸದ ಜಾಗದ ಕಡೆ ನೋಡಿಯೇ ಇರಲಿಲ್ಲ.

ಆ ಮೂರನೆಯ ಭಾಗ ಇದೆಯಲ್ಲ, ಅದು ನಮ್ಮಂಥವರಿಗೆ ಬಾಗಿಲಲ್ಲೇ ಕಾದು ನಿಂತಿರುತ್ತದೆ. ಹೈಸ್ಕೂಲ್ ಟೀಚರ್‌ಗೆ ವರ್ಷಕ್ಕೊಂದು ಸಲ ಎಸ್ಸೆಸ್ಸೆಲ್ಸಿ ಫಲಿತಾಂಶ ಬರುತ್ತದೆ. ಒಳ್ಳೆಯದೋ ಕೆಟ್ಟದ್ದೋ, ಒಂದು ಲೆಕ್ಕ ಕೈಗೆ ಸಿಗುತ್ತದೆ. ಮಕ್ಕಳು ಸಿಹಿ ತಂದು ಕೊಡುತ್ತಾರೆ. ನಮಗೆ ಫಲಿತಾಂಶದ ದಿನ ಅಂತ ಒಂದಿಲ್ಲ. ನಾವು ಬಳಸುವುದು ಎಂಡಿಪಿಎಸ್ ಅನ್ನುವ ಪಟ್ಟಿ, ಮದ್ರಾಸಿನಲ್ಲಿ ತಯಾರಾದದ್ದು. 18 ವಿಭಾಗ, ಒಂದೊಂದರಲ್ಲಿ 20, ಒಟ್ಟು 360 ಸಾಲು. ಪ್ರತಿ ಸಾಲೂ ಮಗು ಮಾಡಬಹುದಾದ ಒಂದು ಕೆಲಸ. ಮಾಡಿದರೆ ಎ, ಇನ್ನೂ ಮಾಡದಿದ್ದರೆ ಬಿ. (ಆ 'ಇನ್ನೂ' ಅನ್ನುವುದು ನನಗೆ ಬಹಳ ಇಷ್ಟ. ಫೇಲ್ ಅನ್ನುವ ಕಾಲಮ್ಮೇ ಅದರಲ್ಲಿ ಇಲ್ಲ.) ವರ್ಷವಿಡೀ ದುಡಿದರೂ ಕೆಲವು ಮಕ್ಕಳ ಪುಸ್ತಕದಲ್ಲಿ ನಾಲ್ಕು ಸಾಲು ಮಾತ್ರ ಬದಲಾಗುತ್ತವೆ. ಆ ನಾಲ್ಕು ಸಾಲು ಎಷ್ಟು ದೊಡ್ಡವು ಅಂತ ಗೊತ್ತಿರುವುದು ಆ ಮಗುವಿನ ತಾಯಿಗೆ ಮತ್ತು ನಮಗೆ. ನಮಗೇ ಅದು ಕಾಣದೆ ಹೋದರೆ ಇನ್ನು ಯಾರು ನೋಡಬೇಕು?

ಪುಣ್ಯದ ಕೆಲಸ

"ಏನ್ ಕೆಲಸ ಮಾಡ್ತೀರಿ?" ಅಂತ ಬಸ್ಸಿನಲ್ಲಿ ಯಾರಾದರೂ ಕೇಳುತ್ತಾರೆ. ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ಟೀಚರ್ ಅಂತ ಹೇಳುತ್ತೇನೆ. ಕೂಡಲೇ ಅವರ ಮುಖ ಮೆತ್ತಗಾಗುತ್ತದೆ. "ಪುಣ್ಯದ ಕೆಲಸ ಬಿಡ್ರೀ ಅಕ್ಕೋರ, ದೇವರು ನಿಮಗ ಒಳ್ಳೇದು ಮಾಡ್ತಾನ" ಅನ್ನುತ್ತಾರೆ. ಮನಸ್ಸಿನಿಂದಲೇ ಹೇಳುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಮೊದಲ ವರ್ಷಗಳಲ್ಲಿ ಈ ಮಾತು ಕೇಳಿದರೆ ಎದೆ ತುಂಬುತ್ತಿತ್ತು. ಈಗ ಅದು ನನ್ನ ಬಾಯಿ ಮುಚ್ಚಿಸುತ್ತದೆ ಅನ್ನಿಸುತ್ತದೆ. ಪುಣ್ಯದ ಕೆಲಸ ಮಾಡುವವಳು ನಡುನೋವು ಅಂತ ಹೇಗೆ ಹೇಳುವುದು? ಎರಡು ತಿಂಗಳ ಗೌರವಧನ ಬಂದಿಲ್ಲ ಅಂತ ಯಾರನ್ನು ಕೇಳುವುದು? ಇವತ್ತು ಒಬ್ಬ ಹುಡುಗ ಕಚ್ಚಿದಾಗ ನನಗೆ ಅವನ ಮೇಲೆ ಸಿಟ್ಟು ಬಂತು ಅಂತ ಯಾರ ಮುಂದೆ ಒಪ್ಪಿಕೊಳ್ಳುವುದು?

ಜನವರಿಯಲ್ಲಿ ನಮ್ಮೂರು ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ನೋಡಿದವರಿಗೆ ಸೇವೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಊರೂರಿನಿಂದ ಟ್ರ್ಯಾಕ್ಟರ್ ಮೇಲೆ ಜೋಳದ ರೊಟ್ಟಿ ಬರುತ್ತವೆ. ದಾಸೋಹದಲ್ಲಿ ಸಾವಿರಾರು ಕೈ ಒಟ್ಟಿಗೆ ದುಡಿಯುತ್ತವೆ. ನಾನೂ ರೊಟ್ಟಿ ಬಡಿದಿದ್ದೇನೆ, ಎಲೆ ತೆಗೆದಿದ್ದೇನೆ. ರಾತ್ರಿ ಕಾಲು ಸೇದುತ್ತಿದ್ದರೂ ಮನಸ್ಸು ಹಗುರ ಇರುತ್ತಿತ್ತು. ಯಾಕೆ ಅಂತ ಈಗ ಯೋಚನೆ ಮಾಡುತ್ತೇನೆ. ಒಬ್ಬಳ ಕೈ ಸೋತರೆ ಪಕ್ಕದವಳು ಹಿಟ್ಟು ತೆಗೆದುಕೊಳ್ಳುತ್ತಾಳೆ. ಎಲ್ಲರೂ ಸೇರಿ ಮಾಡಿದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮತ್ತೆ, ಜಾತ್ರೆ ಮುಗಿಯುತ್ತದೆ. ನಾವು ವರ್ಷಪೂರ್ತಿ ಮಾಡುವುದನ್ನೂ ಜನ ಸೇವೆ ಅಂತಲೇ ಕರೆಯುತ್ತಾರೆ. ಆದರೆ ಇಲ್ಲಿ ಕೈಗಳು ಎರಡೇ, ಬಿಟ್ಟರೆ ತೆಗೆದುಕೊಳ್ಳುವವರು ಪಕ್ಕದಲ್ಲಿ ಇಲ್ಲ.

ನಮ್ಮ ಶಾಲೆಯಲ್ಲಿ 44 ಮಕ್ಕಳು. ನಾಲ್ವರು ಟೀಚರ್‌ಗಳಿದ್ದೆವು. ಹೋದ ಜುಲೈನಲ್ಲಿ ಒಬ್ಬರು ಬಿಟ್ಟು ಖಾಸಗಿ ಶಾಲೆಗೆ ಹೋದರು, ಅಲ್ಲಿ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ. ಅವರ ಮಕ್ಕಳನ್ನು ಉಳಿದ ಮೂವರು ಹಂಚಿಕೊಂಡೆವು. ಸಾಮಾನ್ಯ ಶಾಲೆಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಎಷ್ಟು ವಿಶೇಷ ಶಿಕ್ಷಕರು ಬೇಕು ಅನ್ನುವುದನ್ನು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು. ನನ್ನ ಕೋಣೆಯಲ್ಲಿ ಹದಿನೈದು ಮಕ್ಕಳು. ಅದರಲ್ಲಿ ಆರು ಮಂದಿಯನ್ನು ಶೌಚಕ್ಕೆ ಕರೆದುಕೊಂಡು ಹೋಗಬೇಕು, ಮೂವರಿಗೆ ತುತ್ತು ಬಾಯಿಗಿಡಬೇಕು, ಒಬ್ಬ ಹುಡುಗ ಬಾಗಿಲು ತೆರೆದಿದ್ದರೆ ರಸ್ತೆಗೆ ಓಡುತ್ತಾನೆ. ಸೆರೆಬ್ರಲ್ ಪಾಲ್ಸಿ ಇರುವ ಹದಿನಾಲ್ಕು ವರ್ಷದ ಹುಡುಗನ ತೂಕ 41 ಕೆಜಿ. ಅವನನ್ನು ದಿನಕ್ಕೆ ಐದು ಸಲ ಎತ್ತಿ ಕೂರಿಸಬೇಕು. ಹನ್ನೆರಡು ಹದಿಮೂರು ವರ್ಷದ ಹೆಣ್ಣುಮಕ್ಕಳು ಮುಟ್ಟಾದಾಗ ಪ್ಯಾಡ್ ಇಡುವುದನ್ನು ಕಲಿಸಬೇಕು. ಅದೂ ಪಾಠವೇ, ಬಹಳ ಮುಖ್ಯವಾದ ಪಾಠ. ನಡುವೆ ಯಾವ ಮಗುವಿಗೆ ಯಾವ ಹೊತ್ತಿನಲ್ಲಿ ಫಿಟ್ಸ್ ಬರುತ್ತದೋ ಅಂತ ಒಂದು ಕಿವಿ ಯಾವಾಗಲೂ ಆ ಕಡೆ.

ಕಾಗದದ ಕೆಲಸ ಬೇರೆ. ಪ್ರತಿ ಮಗುವಿಗೂ ಅದರದೇ ಕಲಿಕಾ ಯೋಜನೆ ಬರೆಯಬೇಕು. ಅದು ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ, ಮಾಸಾಶನದ ಅರ್ಜಿ, ಅನುದಾನದ ಕಾಗದ ಎಲ್ಲ ನಾವೇ ಮಾಡುತ್ತೇವೆ. ಓದು ಬಾರದ ತಂದೆತಾಯಿಗೆ ಇದನ್ನು ಬೇರೆ ಯಾರು ಮಾಡಿಕೊಡಬೇಕು? ಐದನೇ ವರ್ಷಕ್ಕೊಮ್ಮೆ, ಹದಿನೈದನೇ ವರ್ಷಕ್ಕೊಮ್ಮೆ ಆಧಾರ್‌ಗೆ ಬೆರಳಚ್ಚು ಹೊಸದಾಗಿ ಕೊಡಬೇಕಲ್ಲ, ಮುಷ್ಟಿ ಬಿಚ್ಚದ ಮಗುವಿನ ಬೆರಳನ್ನು ಒಂದೊಂದಾಗಿ ಬಿಡಿಸಿ ಆ ಯಂತ್ರದ ಮೇಲೆ ಇಡಿಸುವುದು ಎಷ್ಟು ಹೊತ್ತಿನ ಕೆಲಸ ಅಂತ ಮಾಡಿದವರಿಗೇ ಗೊತ್ತು. ಏಪ್ರಿಲ್ ಮೇನಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಮಗುವನ್ನು ಹೊತ್ತು ತಂದ ತಾಯಿ ಸರದಿ ಬರುವ ಹೊತ್ತಿಗೆ ಬಿಸಿಲಿಗೆ ಬಾಡಿ ಹೋಗಿರುತ್ತಾಳೆ.

ಕಾನೂನು ಮಕ್ಕಳಿಗೆ ಒಳ್ಳೆಯದನ್ನೇ ಮಾಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿತು. ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಮಗುವಿಗೆ ಹಕ್ಕು ಕೊಟ್ಟ ಮೇಲೆ ಅದನ್ನು ನಡೆಸಿಕೊಡುವ ಕೈಗೆ ಏನು ಬೇಕು ಅಂತಲೂ ಕೇಳಬೇಕಲ್ವಾ? ನನಗೆ ಬೇಕಾದದ್ದು ದೊಡ್ಡದೇನಲ್ಲ. ಕೋಣೆಗೊಬ್ಬ ಆಯಾ. ರಜೆ ಹಾಕಿದ ದಿನ ನನ್ನ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು. ಮಗುವನ್ನು ನಡು ಮುರಿಯದೆ ಎತ್ತುವುದು ಹೇಗೆ ಅಂತ ಫಿಸಿಯೊಥೆರಪಿಸ್ಟ್ ಕೈಯಿಂದ ಒಂದು ದಿನದ ತರಬೇತಿ. ತಿಂಗಳು ಮುಗಿದಾಗ ಹಣ. ಇದನ್ನೆಲ್ಲ ಕೇಳಿದರೆ ನನ್ನ ಪುಣ್ಯ ಕಡಿಮೆಯಾಗುವುದಿಲ್ಲ. ಕಡಿಮೆಯಾದರೂ ಆಗಲಿ.

ಹನ್ನೊಂದು ಮಾತು

ಇನ್ನೊಂದು ದಿನದ ಬಗ್ಗೆ ಹೇಳಬೇಕು. ಇದನ್ನು ನಾನು ಇಲ್ಲಿಯವರೆಗೆ ಮನೆಯಲ್ಲೂ ಹೇಳಿಲ್ಲ.

ಯಲಬುರ್ಗಾ ಕಡೆಯ ಒಬ್ಬ ಹುಡುಗಿ, ಆಗ ಒಂಬತ್ತು ವರ್ಷ. ಬಂದಾಗ ಮಾತಿರಲಿಲ್ಲ, ಫಿಟ್ಸ್ ಇತ್ತು. ಗುಳಿಗೆ ಸರಿಯಾಗಿ ನಡೆಯುತ್ತಿದ್ದಾಗ ಫಿಟ್ಸ್ ಹತೋಟಿಗೆ ಬಂತು. ನಿಧಾನಕ್ಕೆ ಮಾತೂ ಬಂದವು. ಅವ್ವ, ನೀರು, ಬಾ, ಬ್ಯಾಡ, ರೊಟ್ಟಿ, ಬಸ್ಸು. ಎರಡು ವರ್ಷದಲ್ಲಿ ಹನ್ನೊಂದು ಮಾತು. ನಾನು ಅವನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ್ದೆ. ಹನ್ನೆರಡನೆಯದಕ್ಕೆ ಜಾಗ ಬಿಟ್ಟಿದ್ದೆ. ಆ ವರ್ಷ ಮಳೆ ಕೈಕೊಟ್ಟಿತ್ತು. ಬೇಸಿಗೆ ರಜೆ ಶುರುವಾದ ಕೂಡಲೇ ಅವಳ ಮನೆಯವರು ಮಂಗಳೂರಿಗೆ ಗುಳೆ ಹೋದರು, ಕಟ್ಟಡದ ಕೆಲಸಕ್ಕೆ. ಮಗುವನ್ನೂ ಕರೆದುಕೊಂಡು ಹೋದರು. ಬಿಟ್ಟು ಹೋಗಲು ಮನೆಯಲ್ಲಿ ಯಾರಿದ್ದರು?

ಜೂನ್‌ನಲ್ಲಿ ಶಾಲೆ ಶುರುವಾಯಿತು. ತಾಯಿ ಗೇಟಿನ ಹತ್ತಿರ ನಿಂತಿದ್ದಳು, ಮಗು ಅವಳ ಸೆರಗು ಬಾಯಲ್ಲಿ ಕಚ್ಚಿಕೊಂಡಿತ್ತು. ನಾನು ನೀರಿನ ಲೋಟ ತೋರಿಸಿ ಇದೇನು ಅಂತ ಕೇಳಿದೆ. ಮಗು ನನ್ನ ಮುಖ ನೋಡಲಿಲ್ಲ. ಬಸ್ಸಿನ ಚಿತ್ರ ತೋರಿಸಿದೆ. ರೊಟ್ಟಿಯ ಚಿತ್ರ ತೋರಿಸಿದೆ. ಏನೂ ಇಲ್ಲ. ಆ ಎರಡು ತಿಂಗಳಲ್ಲಿ ಫಿಟ್ಸ್ ಮೇಲೆ ಫಿಟ್ಸ್ ಬಂದಿದ್ದವು. ಗುಳಿಗೆ ಒಮ್ಮೆಲೇ ನಿಂತರೆ ಹಾಗೆ ಆಗುತ್ತದೆ ಅಂತ ನಾನೇ ಪಾಲಕರ ಸಭೆಯಲ್ಲಿ ಎಷ್ಟೋ ಸಲ ಹೇಳಿದ್ದೆ.

"ಏನವಾ, ಗುಳಿಗಿ ಯಾಕ ಬಿಡಿಸಿದಿ?" ಅಂತ ಕೇಳಿದೆ. ದನಿ ಏರಿತ್ತು. ಸುತ್ತ ಇನ್ನೂ ನಾಲ್ಕೈದು ಪಾಲಕರಿದ್ದರು. "ನಾ ಎರಡು ವರ್ಷ ಕಲಿಸಿದ್ದನ್ನ ಎರಡು ತಿಂಗಳದಾಗ ಹಾಳ ಮಾಡಿದಿ ನೋಡು."

ಅವಳು ಜಗಳ ಆಡಲಿಲ್ಲ. "ಬಿಡಿಸಲಿಲ್ರೀ ಅಕ್ಕೋರ. ತೀರಿ ಹೋದುವು. ಅಲ್ಲಿ ಅಂಗಡಿಯವರು ಚೀಟಿ ಕೇಳಿದ್ರು. ಚೀಟಿ ಊರಾಗ ಉಳಿದಿತ್ರೀ" ಅಂದಳು. ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಮಗುವಿನ ಬಾಯಿಂದ ಸೆರಗು ಬಿಡಿಸುತ್ತಾ, "ಆ ಮಾತು ನನಗೂ ಬೇಕಾಗಿದ್ದುವ್ರೀ" ಅಂದಳು.

ನಾನು ಆ ಹನ್ನೊಂದು ಮಾತನ್ನು ನನ್ನವು ಅಂದುಕೊಂಡಿದ್ದೆ. ನನ್ನ ಗೋಡೆ, ನನ್ನ ಹಾಳೆ, ನನ್ನ ಎರಡು ವರ್ಷ. ಆ ತಾಯಿ ಒಂಬತ್ತು ವರ್ಷ ಕಾದು 'ಅವ್ವ' ಅಂತ ಕರೆಸಿಕೊಂಡವಳು. ಮ್ಯಾಸ್ಲಾಕ್ ಹೇಳಿದ ಆ ಎರಡನೆಯ ಭಾಗ, ಮನಸ್ಸು ಗಡುಸಾಗುವುದು, ನನ್ನಲ್ಲಿ ಶುರುವಾಗಿದ್ದು ಗುಂಡಿಯ ದಿನಕ್ಕಿಂತ ಬಹಳ ಮೊದಲು, ಬಹುಶಃ ಆ ಗೇಟಿನ ಹತ್ತಿರವೇ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಮರುದಿನ ಯಾರಿಗೂ ಹೇಳಲೂ ಇಲ್ಲ. ಹೇಳುವ ಜಾಗವೇ ಇರಲಿಲ್ಲ. ಅವಳ ಕೈ ಹಿಡಿದು ತಪ್ಪಾಯಿತು ಅಂತ ಹೇಳಲು ನನಗೆ ಒಂದು ವಾರ ಬೇಕಾಯಿತು. "ಅಯ್ಯ ಬಿಡ್ರೀ ಅಕ್ಕೋರ, ನಮ್ಮ ಮ್ಯಾಲಿನ ಕಾಳಜಿಗೆ ಬೈದೀರಿ" ಅಂದಳು. ನನಗೆ ಗೊತ್ತಿತ್ತು, ಅದು ಕಾಳಜಿಯ ಬೈಗುಳ ಆಗಿರಲಿಲ್ಲ.

ಈಗ ಮಾರ್ಚ್ ಬಂತೆಂದರೆ ಫಿಟ್ಸ್ ಇರುವ ಪ್ರತಿ ಮಗುವಿನ ಡಾಕ್ಟರ್ ಚೀಟಿಯನ್ನು ಎರಡು ಜೆರಾಕ್ಸ್ ಮಾಡಿಸುತ್ತೇನೆ. ತಂದೆಯ ಫೋನಿನಲ್ಲೂ ತಾಯಿಯ ಫೋನಿನಲ್ಲೂ ಅದರ ಫೋಟೊ ಹಾಕಿಸುತ್ತೇನೆ. ಯಾವ ಊರಿಗೆ ಗುಳೆ ಹೋಗುತ್ತಾರೆ ಅಂತ ಬರೆದುಕೊಳ್ಳುತ್ತೇನೆ. ಎರಡು ತಿಂಗಳ ಗುಳಿಗೆ ಕೈಯಲ್ಲಿ ಇದೆಯಾ ಅಂತ ಎಣಿಸಿ ನೋಡಿಯೇ ಕಳಿಸುತ್ತೇನೆ. ಆ ಹುಡುಗಿಗೆ ಮರುವರ್ಷದ ದಸರಾ ಹೊತ್ತಿಗೆ ಐದು ಮಾತು ವಾಪಸ್ ಬಂದವು. 'ಬ್ಯಾಡ' ಮೊದಲು ಬಂತು.

ಶುಕ್ರವಾರ

ಹೊಸದಾಗಿ ಸೇರಿದ ಒಬ್ಬ ಹುಡುಗಿ ಇದ್ದಾಳೆ ನಾವು ಮೂವರು ಟೀಚರ್‌ಗಳಲ್ಲಿ, ಈಗಷ್ಟೇ ಡಿಪ್ಲೊಮಾ ಮುಗಿಸಿ ಬಂದವಳು. ಡಿಸೆಂಬರ್‌ನಲ್ಲಿ ಒಂದು ದಿನ ಊಟದ ಡಬ್ಬಿ ತೊಳೆಯುತ್ತಾ, "ಅಕ್ಕಾ, ನೀವೆಲ್ಲ ಯಾರ ಮುಂದ ಹೇಳ್ಕೋತೀರಿ?" ಅಂತ ಕೇಳಿದಳು. ಏನನ್ನ ಅಂತ ಕೇಳಿದೆ. "ಎಲ್ಲಾನೂ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಮುಖದಲ್ಲಿ ಇನ್ನೂ ನಗು ಇತ್ತು. ಹನ್ನೊಂದು ವರ್ಷದಲ್ಲಿ ಅದು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಹೆದರಿಕೆಯಾಯಿತು.

ಆ ವಾರದಿಂದಲೇ ಶುಕ್ರವಾರ ಮಕ್ಕಳ ವ್ಯಾನ್ ಹೊರಟ ಮೇಲೆ ಅರ್ಧ ತಾಸು ಕೂರುವುದು ಅಂತ ಮಾಡಿದೆವು. ಟೀಚರ್‌ಗಳು, ಇಬ್ಬರು ಆಯಾ, ಅಡುಗೆಯವರು. ದಾಖಲೆ ಪುಸ್ತಕ ತೆರೆಯುವ ಹಾಗಿಲ್ಲ. ಯಾರಾದರೂ ಮಾತಾಡಿದರೆ "ಹಂಗ ಅನಬ್ಯಾಡ" ಅನ್ನುವ ಹಾಗಿಲ್ಲ. ಇದರಿಂದ ಗೌರವಧನ ಬೇಗ ಬರುವುದಿಲ್ಲ, ನಾಲ್ಕನೆಯ ಟೀಚರ್ ಕೂಡ ಬರುವುದಿಲ್ಲ. ಅವೆರಡಕ್ಕೂ ಅರ್ಜಿ ಬರೆಯುವುದನ್ನು ನಾವು ಬಿಟ್ಟಿಲ್ಲ. ಮೊದಲ ಎರಡು ಶುಕ್ರವಾರ ಚಹಾ ಕುಡಿದು, ಯುಡಿಐಡಿ ಸರ್ವರ್ ಬಗ್ಗೆ ಮಾತಾಡಿ ಎದ್ದೆವು.

ಮೂರನೆಯ ಶುಕ್ರವಾರ ನಮ್ಮ ಹಿರಿಯ ಆಯಾ ಬಾಯಿ ಬಿಟ್ಟಳು. ಅವಳನ್ನು ನಾವೆಲ್ಲ ಚಿಗವ್ವ ಅನ್ನುತ್ತೇವೆ. ಶಾಲೆ ಶುರುವಾದ ದಿನದಿಂದ ಇದ್ದಾಳೆ, ನಮ್ಮೆಲ್ಲರಿಗಿಂತ ಕಡಿಮೆ ಹಣ ಅವಳಿಗೇ. "ನನ್ನ ನಡ ಹೋಗೈತ್ರೀ" ಅಂದಳು. ಮೂರು ತಿಂಗಳಿಂದ ಹಳೆಯ ಸೀರೆಯ ತುಂಡನ್ನು ನಡುವಿಗೆ ಬಿಗಿದು ಕಟ್ಟಿಕೊಂಡು ಆ 41 ಕೆಜಿ ಹುಡುಗನನ್ನು ಎತ್ತುತ್ತಿದ್ದಳಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ದಿನವೂ ಅವಳ ಜೊತೆಗೇ ಇದ್ದೆವು. ಅವಳು ಬಹಳ ಹೊತ್ತು ಮಾತಾಡಿದಳು. ನಡುವೆ ಒಂದು ಸಲ ಅತ್ತಳು. ಇನ್ನು ಮೇಲೆ ಅವನನ್ನು ಇಬ್ಬರಿಲ್ಲದೆ ಎತ್ತಬಾರದು ಅಂತ ಅಲ್ಲೇ ಮಾತಾಯಿತು. ಎದ್ದು ಲೋಟ ಎತ್ತಿಡುವಾಗ ಅವಳು ನನ್ನ ಕಡೆ ತಿರುಗಿದಳು.

"ಆ ಹುಡುಗ ಗುಂಡಿ ಹಾಕ್ಕೊಂಡ ದಿನ ನೀವು ನಗಲಿಲ್ರೀ ಅಕ್ಕೋರ. ನಾ ಬಾಗಿಲದಾಗ ನಿಂತಿದ್ದೆ. ಅವತ್ತ ಕೇಳಬೇಕಂದೆ, ಹೆಂಗ ಕೇಳೋದು ಅಂತ ಸುಮ್ಮನಾದೆ."

ನನಗೆ ಮಾತೇ ಹೊರಡಲಿಲ್ಲ. ಅವಳು ಲೋಟಗಳನ್ನು ಒಂದರೊಳಗೊಂದು ಇಡುತ್ತಾ ಮುಂದುವರಿಸಿದಳು.

"ಅಂವ ನಿಮ್ಮ ಮುಖಾನ ನೋಡಕೋತ ಕುಂತಿದ್ದ. ಅದಕ್ಕ ನಾನ ಅಡಗಿ ಮನಿಗೆ ಕರಕೊಂಡು ಹೋಗಿ ಒಂದು ಚೂರು ಬೆಲ್ಲ ಕೊಟ್ಟೆ. ಯಾರರೆ ಕೊಡಬೇಕಲ್ರೀ."